ಮಳೆಗೆ ಮೊದಲು ಪುನರ್ಪುಳಿ ಶರಬತ್ತು

ಪುನರ್ಪುಳಿ ಶರಬತ್ತು ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಓಡು (ಹಣ್ಣಿನ ದಪ್ಪ ಸಿಪ್ಪೆ), ಸಕ್ಕರೆ, ಒಂದು ಭರಣಿ ಇದ್ದರೆ ಆಯಿತು. ಆದರೆ ಮಾಡಿದ್ದು ಮಳೆಗಾಲ ದಾಟಿ ಉಳಿಯಬೇಕು ಅಂದರೆ ಕಷ್ಟ ಶುರುವಾಗುತ್ತದೆ. 2024ರಲ್ಲಿ ನಮ್ಮ ಮನೆಯಲ್ಲಿ ಓಡನ್ನು ನೀರಿಗೆ ಹಾಕಿ ಕುದಿಸಿ, ಕಪ್ಪಿನ ಲೆಕ್ಕದಲ್ಲಿ ಸಕ್ಕರೆ ಸುರಿದು ಕುಪ್ಪಿಗೆ ತುಂಬಿಸಿಟ್ಟಿದ್ದೆವು. ಜುಲೈಯಲ್ಲಿ ಒಂದು ರಾತ್ರಿ ಮುಚ್ಚಳ ಹಾರಿ ಅಡುಗೆಮನೆಯ ಗೋಡೆಯೆಲ್ಲ ಕೆಂಪು. ಉಳಿದ ಕುಪ್ಪಿಗಳನ್ನು ಅಂಗಳಕ್ಕೆ ಒಯ್ದು, ಮುಖ ಆಚೆ ತಿರುಗಿಸಿ ತೆರೆಯಬೇಕಾಯಿತು.

ಹಾಗಾಗಿ 2025ರಲ್ಲಿ ಎಲ್ಲವನ್ನೂ ತೂಗಿ, ತಾರೀಕು ಹಾಕಿ ಬರೆದಿಟ್ಟೆ. ಕೆಳಗಿರುವುದು ಆ ಪುಸ್ತಕದ್ದೇ ಪ್ರತಿ, ಸ್ವಲ್ಪ ಬಿಡಿಸಿ ಬರೆದದ್ದು. ಉತ್ತರ ಕನ್ನಡದವರು ಮುರುಗಲು ಅನ್ನುತ್ತಾರಲ್ಲ, ಪೇಟೆಯ ಅಂಗಡಿಯಲ್ಲಿ ಕೋಕಂ ಅಂತ ಸಿಗುತ್ತದಲ್ಲ, ಅದೇ ಹಣ್ಣು.

ಸಾಮಾನು

ಉಪ್ಪಿನಕಾಯಿಯ ಹಳೆಯ ಭರಣಿ, 15 ಲೀಟರಿನದ್ದು. ಇನ್ನೊಂದು ಸ್ವಲ್ಪ ಚಿಕ್ಕದು, ಮತ್ತೊಂದು ಪುಟ್ಟದು. ಐದು ಲೀಟರಿನ ಗಾಜಿನ ಜಾರ್. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ಸ್ಟೀಲಿನ ಚೂರಿ, ಮರದ ಸೌಟು, ಎರಡು ಮೀಟರ್ ಮಲ್ ಬಟ್ಟೆ. ಮುಕ್ಕಾಲು ಲೀಟರಿನ ಗಾಜಿನ ಕುಪ್ಪಿ ಒಂದು ಡಜನ್. ಜೇನು ಸಾಕುವ ಗೆಳೆಯನಿಂದ ರಿಫ್ರಾಕ್ಟೋಮೀಟರನ್ನೂ ಎರವಲು ತಂದಿದ್ದೆ. ಒಂದು ತೊಟ್ಟು ಹಾಕಿ ಬೆಳಕಿಗೆ ಹಿಡಿದರೆ ಸಕ್ಕರೆ ಅಂಶ ಎಷ್ಟಿದೆ ಅಂತ ಗೆರೆ ತೋರಿಸುತ್ತದೆ. ಇದು ಇಲ್ಲದೆಯೂ ಶರಬತ್ತು ಆಗುತ್ತದೆ, ನಮ್ಮ ಅಜ್ಜಿಯಂದಿರು ಇದನ್ನು ನೋಡಿದವರೇ ಅಲ್ಲ. ಆದರೆ ತಪ್ಪಿದ್ದು ಎಲ್ಲಿ ಅಂತ ತಿಳಿಯಬೇಕಾದರೆ ಇದ್ದರೆ ಒಳ್ಳೆಯದು.

ಅಲ್ಯೂಮಿನಿಯಂ ಪಾತ್ರೆ, ಕಬ್ಬಿಣದ ಸೌಟು ಹತ್ತಿರ ಬರಬಾರದು. ಹುಳಿ ಜೋರು.

ಏಪ್ರಿಲ್ 26, ಶನಿವಾರ: ಕೊಯ್ದದ್ದು

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ಬದಿಯ ಗುಡ್ಡೆ. ಮೇಲೆ ಮುರಕಲ್ಲು, ಬೋಳು. ಕೆಳಗೆ ತೋಡಿನ ಬದಿಗೆ ಬಂದರೆ ಹಾಡಿ (ಸಣ್ಣ ಕಾಡು), ಅದರೊಳಗೆ ಪುನರ್ಪುಳಿ ಮರಗಳು. ಯಾರೂ ನೆಟ್ಟದ್ದಲ್ಲ. ಹಕ್ಕಿ, ಬಾವಲಿ ಉದುರಿಸಿದ ಬೀಜದಿಂದ ಎದ್ದದ್ದು. ಜಾಗ ಮಾತ್ರ ಆಚೆಮನೆಯವರದು, ಹಿಂದಿನ ದಿನವೇ ಹೋಗಿ ಕೇಳಿಕೊಂಡು ಬಂದಿದ್ದೆ. ಮೊದಲು ಇದು ಬಿದ್ದು ಕೊಳೆಯುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಈಗ ಒಣ ಓಡಿಗೆ ಅಂಗಡಿಯಲ್ಲಿ ದುಡ್ಡು ಸಿಗುತ್ತದೆ. ಕೇಳದೆ ಕೊಯ್ದರೆ ಮಾತು ಬರುತ್ತದೆ.

ಎಲ್ಲ ಮರದಲ್ಲೂ ಕಾಯಿ ಇರುವುದಿಲ್ಲ. ಪುನರ್ಪುಳಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಎಲೆ ನೋಡಿ ಗೊತ್ತಾಗುವುದಿಲ್ಲ, ಹೂವೋ ಹಣ್ಣೋ ಬಂದಾಗಲೇ ಗೊತ್ತಾಗುವುದು. ಆದ್ದರಿಂದ ಹಿಂದಿನ ವರ್ಷ ಹಣ್ಣು ಕಂಡ ಮರದ ಕಾಂಡಕ್ಕೆ ಸುಣ್ಣದ ಬೊಟ್ಟು ಇಟ್ಟಿದ್ದೆ. ಈ ಸಲ ನೇರ ಅಲ್ಲಿಗೇ ಹೋದೆವು.

ಅದೇ ಹಾಡಿಯಲ್ಲಿ ಮಂತುಪುಳಿ ಮರವೂ ಇದೆ. ಅದರ ಕಾಯಿಗೆ ಸಿಹಿಗುಂಬಳದ ಹಾಗೆ ಏಣು ಏಣು ಇರುತ್ತದೆ, ಹಣ್ಣಾದರೆ ಹಳದಿ. ಮಲಯಾಳದವರು ಕುಡಂಪುಳಿ ಅಂತ ಹೊಗೆಯಲ್ಲಿ ಒಣಗಿಸಿ ಮೀನಿನ ಗಸಿಗೆ ಹಾಕುವುದು ಅದನ್ನು. ಶರಬತ್ತಿಗೆ ಬೇಕಾದ್ದು ಉರುಟು ಕಾಯಿ, ನುಣುಪು ಸಿಪ್ಪೆ, ಹಣ್ಣಾದರೆ ಕಪ್ಪಿಗೆ ಹತ್ತಿರವಾದ ಕೆಂಪು.

ಕೊಯ್ಯಲು ದೋಟಿ. ಕೊಕ್ಕೆಗೆ ಸಿಕ್ಕಿಸಿ ಎಳೆದರೆ ಹಣ್ಣು ಕಲ್ಲಿನ ಮೇಲೆ ಬಿದ್ದು ಒಡೆಯುತ್ತದೆ. ಒಡೆದ ಹಣ್ಣು ಸಂಜೆಯೊಳಗೆ ಹುಳಿತು ನೊಣ ಕೂರುತ್ತದೆ. ಅದಕ್ಕೆ ಅಡಿಕೆ ಒಣಗಿಸುವ ನೆಟ್ಟನ್ನು ಮರದ ಕೆಳಗೆ ನಾಲ್ಕು ಮೂಲೆ ಎತ್ತಿ ಕಟ್ಟಿದೆವು, ನಡುವೆ ಸ್ವಲ್ಪ ಜೋತಾಡುವ ಹಾಗೆ. ಇದು ಒಳ್ಳೆಯ ಉಪಾಯ ಆಯಿತು. ಕೆಂಪಿರುವೆಗೆ ಮಾತ್ರ ಉಪಾಯ ಇಲ್ಲ. ತಲೆಗೆ ಬೈರಾಸು ಸುತ್ತಿಕೊಂಡು, ತೋಳಿಗೆ ಎಣ್ಣೆ ಹಚ್ಚಿಕೊಂಡು ಹೋದರೂ ಕಚ್ಚಿದ್ದು ಕಚ್ಚಿದ್ದೇ.

ಪೂರ್ತಿ ಕೆಂಪಾಗದ್ದನ್ನು ಕೊಯ್ಯುವುದು ಬೇಡ. ಅರ್ಧ ಹಸಿರು ಇರುವ ಕಾಯಿಯಲ್ಲಿ ಹಳದಿ ಮೇಣ ಬರುತ್ತದೆ, ಬಣ್ಣವೂ ಬಿಡುವುದಿಲ್ಲ.

ಮನೆಗೆ ಬಂದು ತೂಗಿದಾಗ 8 ಕೆ.ಜಿ. ಹಕ್ಕಿ ಕುಕ್ಕಿದ್ದು, ಒಡೆದದ್ದು, ಅರೆಹಣ್ಣು ತೆಗೆದರೆ 7.1 ಕೆ.ಜಿ.

ಏಪ್ರಿಲ್ 27: ಓಡು ಬಿಡಿಸಿದ್ದು

ಬೆಳಿಗ್ಗೆ ಹಣ್ಣನ್ನು ಇಡಿಯಾಗಿಯೇ ತೊಳೆದು, ಬೈರಾಸಿನಲ್ಲಿ ಒಂದೊಂದಾಗಿ ಒರೆಸಿ, ಚಾವಡಿಯಲ್ಲಿ ಫ್ಯಾನಿನ ಅಡಿ ಹರಡಿದೆವು. ತೊಳೆಯುವುದಿದ್ದರೆ ಈಗಲೇ. ಹೋಳು ಮಾಡಿದ ಮೇಲೆ ನೀರು ಮುಟ್ಟಿಸಬಾರದು. ಸೋದರತ್ತೆ ಜಗಲಿಯಲ್ಲಿ ಕೂತು ಹೇಳಿದ್ದು ಒಂದೇ ಮಾತು: "ನೀರು ತಾಗ್ಸೆಡ ಆತೋ." ಹೋದ ವರ್ಷವೂ ಹೇಳಿದ್ದರಂತೆ. ಆಗ ನಮಗೆ ಕೇಳಿಸಿರಲಿಲ್ಲ.

ಮೆಟ್ಟುಕತ್ತಿಯಲ್ಲಿ ಕೊಯ್ದರೆ ಬೇಗ ಆಗುತ್ತದೆ. ಆದರೆ ಕಬ್ಬಿಣ ಹುಳಿಗೆ ಕಪ್ಪಾಗಿ ಓಡಿನ ಅಂಚೂ ಕಪ್ಪಾಗುತ್ತದೆ. ಸ್ಟೀಲಿನ ಚೂರಿಯಲ್ಲಿ ಹಣ್ಣಿನ ನಡುವೆ ಸುತ್ತಲೂ ಗೀರಿ, ಎರಡೂ ಕೈಯಲ್ಲಿ ತಿರುಚಿದರೆ ಎರಡು ಹೋಳಾಗಿ ಬಿಡುತ್ತದೆ. ಬೀಜ ಸಮೇತ ತಿರುಳನ್ನು ಬೆರಳಲ್ಲಿ ತೆಗೆದು ಬೇರೆ ಪಾತ್ರೆಗೆ. ತೊಟ್ಟಿನ ಕಡೆಯ ಗಟ್ಟಿ ಭಾಗ ಕಿತ್ತು ಬಿಸಾಡುವುದು. ಮೇಣ ಕೈಗೆ ಅಂಟಿದರೆ ಸಾಬೂನಿಗೆ ಹೋಗುವುದಿಲ್ಲ, ತೆಂಗಿನೆಣ್ಣೆ ಹಚ್ಚಿ ಉಜ್ಜಬೇಕು. ಉಗುರಿನ ಕೆಂಪು ಎಂತ ಮಾಡಿದರೂ ಒಂದು ವಾರ ಇರುತ್ತದೆ.

ಇಬ್ಬರು ಕೂತರೂ ಮಧ್ಯಾಹ್ನದ ಊಟದಿಂದ ದೀಪ ಹಚ್ಚುವವರೆಗೆ ಹಿಡಿಯಿತು. ಓಡು 3.6 ಕೆ.ಜಿ. ಬಂತು, ಅಂದರೆ ಹಣ್ಣಿನ ತೂಕದ ಅರ್ಧ. ಇದನ್ನು ನೆನಪಿಟ್ಟುಕೊಂಡರೆ ಸಕ್ಕರೆ ತರಲು ಅಂಗಡಿಗೆ ಎರಡು ಸಲ ಹೋಗುವುದು ತಪ್ಪುತ್ತದೆ.

ಬಿಡಿಸಿದ ಓಡನ್ನು ರಾತ್ರಿಯಿಡೀ ಬಟ್ಟೆಯ ಮೇಲೆ ಕವುಚಿ ಹಾಕಿದೆವು. ಒಣಗಿಸುವುದಕ್ಕಲ್ಲ, ಮೇಲಿನ ಪಸೆ ಆರಲಿಕ್ಕೆ.

ತಿರುಳಿನ ವಿಷಯ ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಅದಕ್ಕೆ ಸ್ವಲ್ಪ ನೀರು, ಉಪ್ಪು, ಬೆಲ್ಲ ಹಾಕಿ ಹಿಸುಕಿ ಆ ದಿನವೇ ಪಾನಕ ಮಾಡಿ ಕುಡಿದೆವು. ಬೀಜ ತೊಳೆದು ಬಿಸಿಲಿಗೆ ಹಾಕಿದ್ದನ್ನು ಅತ್ತೆ ತೆಗೆದುಕೊಂಡು ಹೋದರು. ಗುದ್ದಿ, ನೀರಲ್ಲಿ ಕುದಿಸಿ, ತಣಿದ ಮೇಲೆ ಮೇಲೆ ಕಟ್ಟುವ ಬಿಳಿ ತುಪ್ಪ ತೆಗೆಯುತ್ತಾರೆ. ಮಳೆಗಾಲದಲ್ಲಿ ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ.

ಏಪ್ರಿಲ್ 28: ಭರಣಿಗೆ

ಈ ಸಲ ಕಪ್ಪಿನ ಲೆಕ್ಕ ಇಲ್ಲ. ಓಡಿನ ತೂಕಕ್ಕೆ ಎರಡು ಪಾಲು ಸಕ್ಕರೆ, ತಕ್ಕಡಿಯಲ್ಲಿ. ಓಡಿನ ತೂಕದಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ ಇದೆ. ಅದೆಲ್ಲ ಸಕ್ಕರೆಗೆ ಇಳಿಯುತ್ತದೆ. ಆ ನೀರಿಗೆ ತಕ್ಕಷ್ಟು ಸಕ್ಕರೆ ಇಲ್ಲದಿದ್ದರೆ ಹುಳಿಯುತ್ತದೆ. ಹೋದ ವರ್ಷ ಓಡಿನ ನೀರು ಸಾಲದು ಅಂತ ಮೇಲಿಂದಲೂ ನೀರು ಹಾಕಿದ್ದೆವು!

ದೊಡ್ಡ ಭರಣಿಗೆ 3 ಕೆ.ಜಿ. ಓಡು, 6 ಕೆ.ಜಿ. ಸಕ್ಕರೆ. ತಳಕ್ಕೆ ಒಂದು ಪದರ ಸಕ್ಕರೆ. ಅದರ ಮೇಲೆ ಓಡನ್ನು ಚಿಪ್ಪಿನ ಹಾಗೆ ಬಾಯಿ ಮೇಲೆ ಮಾಡಿ ಇಟ್ಟು, ಒಳಗೆ ಸಕ್ಕರೆ ತುಂಬಿಸಿ, ಅದರ ಮೇಲೆ ಇನ್ನೊಂದು ಸಾಲು. ಕೊನೆಗೆ ಎರಡು ಬೆರಳು ದಪ್ಪಕ್ಕೆ ಸಕ್ಕರೆ, ಓಡು ಎಲ್ಲೂ ಕಾಣಬಾರದು. ಬಾಯಿಗೆ ಬಟ್ಟೆ ಕಟ್ಟಿ ಅದರ ಮೇಲೆ ಮುಚ್ಚಳ.

ಉಳಿದ 600 ಗ್ರಾಂ ಓಡು, 1.2 ಕೆ.ಜಿ. ಸಕ್ಕರೆ ಗಾಜಿನ ಜಾರಿಗೆ. ಬಣ್ಣ ಇಳಿಯುವುದನ್ನು ನೋಡಬಹುದು ಅಂತ ಅಷ್ಟೇ.

ಎರಡನ್ನೂ ಅಂಗಳದ ಬಿಸಿಲಿಗೆ ಇಟ್ಟೆವು. ಭರಣಿಯ ಕೆಳಗೆ ಅಗಲ ತಟ್ಟೆಯಲ್ಲಿ ನೀರು, ಇರುವೆಗೆ. ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತರುವುದು.

ಏಪ್ರಿಲ್ 29ರಿಂದ ಮೇ 5

ಮರುದಿನ ಮಧ್ಯಾಹ್ನಕ್ಕೆ ತಳದಲ್ಲಿ ಕೆಂಪು ರಸ. ಮೂರನೇ ದಿನಕ್ಕೆ ಸಕ್ಕರೆ ಅರ್ಧ ಕರಗಿತ್ತು. ದಿನಾ ಬೆಳಿಗ್ಗೆ ಒಣ ಸೌಟಿನಲ್ಲಿ ತಳದಿಂದ ಮೇಲಕ್ಕೆ ತಿರುಗಿಸಬೇಕು. ಯಾಕೆಂದರೆ ರಸ ಬಿಟ್ಟ ಓಡು ಹಗುರವಾಗಿ ಮೇಲೆ ತೇಲುತ್ತದೆ. ತೇಲಿದ ಓಡಿನ ಬೆನ್ನು ಗಾಳಿಗೆ ಬಿದ್ದರೆ ಅಲ್ಲಿ ಬಿಳಿ ಬೂಸು ಹಿಡಿಯುತ್ತದೆ. ಒಂದು ಪಿಂಗಾಣಿ ತಟ್ಟೆ ಕವುಚಿ, ಅದರ ಮೇಲೆ ಕುದಿಸಿ ಒಣಗಿಸಿದ ಹೊಳೆಕಲ್ಲು ಇಟ್ಟ ಮೇಲೆ ಓಡು ರಸದೊಳಗೇ ನಿಂತಿತು. ಇದು ಮಾವಿನ ಮಿಡಿಗೆ ಎಲ್ಲರೂ ಮಾಡುವುದೇ. ಶರಬತ್ತಿಗೂ ಮಾಡಬಹುದು ಅಂತ ಹೊಳೆಯಲು ಮೂರು ದಿನ ಹಿಡಿಯಿತು ಅಷ್ಟೆ.

ಗಾಜಿನ ಜಾರಿನಲ್ಲಿ ಮೊದಲೆರಡು ದಿನ ನೋಡಲು ಚಂದ. ಫೋಟೋ ತೆಗೆದು ಮಂಗಳೂರಿನಲ್ಲಿರುವ ತಂಗಿಗೆ ಕಳುಹಿಸಿದ್ದೆ. ಐದನೇ ದಿನಕ್ಕೆ ಬಿಸಿಲು ಬೀಳುವ ಬದಿ ಮಂಕಾಯಿತು. ಏಳನೇ ದಿನಕ್ಕೆ ಕೆಂಪು ಹೋಗಿ ಇಟ್ಟಿಗೆಯ ಬಣ್ಣ. ಅದೇ ಹಣ್ಣು, ಅದೇ ಸಕ್ಕರೆ, ಅದೇ ಬಿಸಿಲು. ಭರಣಿಯಲ್ಲಿದ್ದದ್ದು ಮಾತ್ರ ಗಾಢ ಕೆಂಪು. ಪುನರ್ಪುಳಿಯ ಬಣ್ಣಕ್ಕೆ ಬೆಳಕು ಆಗುವುದಿಲ್ಲ. ಭರಣಿಯೊಳಗೆ ಬೆಳಕು ಹೋಗುವುದೂ ಇಲ್ಲ. ಹಿರಿಯರು ಬಿಸಿಲಿಗೆ ಇಡು ಅಂದದ್ದು ಭರಣಿಯನ್ನು, ಗಾಜನ್ನಲ್ಲ.

ಮೇ 6: ಸೋಸಿದ್ದು

ಮಲ್ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸ್ಟೀಲಿನ ಪಾತ್ರೆಯ ಬಾಯಿಗೆ ಕಟ್ಟಿ ಸುರಿದೆವು. ಹಿಂಡಬಾರದು. ಹಿಂಡಿದರೆ ಬೇಗ ಆಗುತ್ತದೆ, ಆದರೆ ಓಡಿನ ನಾರು, ಮೇಣ ಬಂದು ಶರಬತ್ತು ಮಬ್ಬಾಗುತ್ತದೆ. ರಾತ್ರಿ ಹಾಗೇ ತೊಟ್ಟಿಕ್ಕಲು ಬಿಟ್ಟೆವು.

ರಿಫ್ರಾಕ್ಟೋಮೀಟರಿನಲ್ಲಿ ನೂರಕ್ಕೆ 67. ಅಂಗಡಿಗೆ ಮಾರುವ ಹಣ್ಣಿನ ಸಿರಪ್ಪಿಗೆ ಕನಿಷ್ಠ 65 ಇರಬೇಕು ಅಂತ ನಿಯಮ. ಅಷ್ಟಿದ್ದರೆ ಹುಳಿಬರಿಸುವ ಜೀವಿಗಳಿಗೆ ಕೈಕಾಲು ಆಡುವುದಿಲ್ಲ. ನನ್ನದು ಮಾರಲಿಕ್ಕಲ್ಲ, ಆದರೂ ಆ ಅಂಕಿ ಕಂಡು ಧೈರ್ಯ ಬಂತು.

ಭರಣಿಯ ತಳದಲ್ಲಿ ಸುಮಾರು ಒಂದು ಹಿಡಿ ಸಕ್ಕರೆ ಕರಗದೆ ಉಳಿದಿತ್ತು. ಅದನ್ನು ಕೆರೆದು ಗಾಜಿನ ಜಾರಿನದ್ದಕ್ಕೆ ಹಾಕಿದೆ.

ಕುಪ್ಪಿಗಳನ್ನು ತೊಳೆದು, ದೊಡ್ಡ ಪಾತ್ರೆಯಲ್ಲಿ ತಣ್ಣೀರಿಗೆ ಇಟ್ಟು, ನಿಧಾನಕ್ಕೆ ಕುದಿ ಬರಿಸಿ ಇಪ್ಪತ್ತು ನಿಮಿಷ ಕುದಿಸಿದೆವು. ಪಾತ್ರೆಯ ತಳಕ್ಕೆ ಒಂದು ಬಟ್ಟೆ ಹಾಕಬೇಕು. ಒಂದು ಕುಪ್ಪಿ ಬಟ್ಟೆಯ ಅಂಚು ತಪ್ಪಿ ತಳಕ್ಕೆ ತಾಗಿ ಒಡೆಯಿತು. ಉಳಿದದ್ದನ್ನು ಕವುಚಿ ಬಿಸಿಲಲ್ಲಿ ಒಣಗಿಸಿದೆವು. ಒಳಗೆ ಒಂದು ಹನಿ ನೀರು ಉಳಿದರೂ ಅದು ಶರಬತ್ತಿನ ಮೇಲೆ ನಿಂತು ಅಲ್ಲಿಂದಲೇ ಬೂಸು ಶುರುವಾಗುತ್ತದೆ.

ಭರಣಿಯದ್ದು ಆರು ಕುಪ್ಪಿ ತುಂಬಿ ಒಂದು ದೊಡ್ಡ ಲೋಟದಷ್ಟು ಉಳಿಯಿತು. ಗಾಜಿನ ಜಾರಿನದ್ದು ಒಂದು ಕುಪ್ಪಿ.

ಕೆಡದಿರುವ ಪುಡಿ ಹಾಕುವ ವಿಷಯದಲ್ಲಿ ಮನೆಯಲ್ಲಿ ಚರ್ಚೆ ಆಯಿತು. ಕೊನೆಗೆ ಆರರಲ್ಲಿ ಮೂರಕ್ಕೆ ಸೋಡಿಯಂ ಬೆಂಜೋಯೇಟ್, ಮೂರಕ್ಕೆ ಏನೂ ಇಲ್ಲ. ಅಳತೆ ಲೀಟರಿಗೆ ಅರ್ಧ ಗ್ರಾಂ. ನಮ್ಮ ತಕ್ಕಡಿ ಅರ್ಧ ಗ್ರಾಂ ತೋರಿಸುವುದಿಲ್ಲ. 5 ಗ್ರಾಂ ತೂಗಿ, ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಒಟ್ಟು 100 ಎಂ.ಎಲ್. ಮಾಡಿ, ಲೀಟರಿಗೆ 10 ಎಂ.ಎಲ್. ಲೆಕ್ಕದಲ್ಲಿ ಮಕ್ಕಳ ಮದ್ದಿನ ಮುಚ್ಚಳದಿಂದ ಅಳೆದು ಹಾಕಿದೆ. ಅಂಗಡಿಯವರು ಮೊದಲು ಕೊಟ್ಟದ್ದು ಕೆ.ಎಂ.ಎಸ್. (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಪುಡಿ. ಅದು ಮಾವು, ಅನಾನಸಿಗೆ ಸರಿ. ಕೆಂಪು ಬಣ್ಣದ ಶರಬತ್ತಿಗೆ ಹಾಕಿದರೆ ಬಣ್ಣ ಬಿಳಚುತ್ತದೆ. ಹಿಂದೆ ಕೊಟ್ಟು ಬದಲಿಸಿಕೊಂಡೆ.

ರಸ ಬಿಟ್ಟ ಓಡು ಬಿಸಾಡಲಿಲ್ಲ. ನೆರಳಲ್ಲಿ ಮೂರು ದಿನ ಹರಡಿದ್ದಕ್ಕೆ ಮೆತ್ತಗೆ ಒಣಗಿ ಹುಳಿಸಿಹಿ ಮಿಠಾಯಿ ಆಯಿತು. ಡಬ್ಬಿಗೆ ಹಾಕುವ ಮೊದಲೇ ಮಕ್ಕಳು ಅರ್ಧ ಖಾಲಿ ಮಾಡಿದ್ದರು.

ಮೇ 11: ಎರಡನೇ ಸಲ

ಹಿಂದಿನ ಸಂಜೆ ಒಂದು ಮಳೆ ಬಂದಿತ್ತು. ಹಣ್ಣು 6 ಕೆ.ಜಿ., ಓಡು 3 ಕೆ.ಜಿ. ಹಣ್ಣಿನ ಮೇಲೆ ಮಣ್ಣು ಸಿಡಿದಿದ್ದರಿಂದ ಜಾಸ್ತಿ ತೊಳೆಯಬೇಕಾಯಿತು. ಆ ದಿನ ಕರೆಂಟೂ ಇರಲಿಲ್ಲ, ಫ್ಯಾನೂ ಇಲ್ಲ. ಪಸೆ ಸರಿಯಾಗಿ ಆರಲಿಲ್ಲ.

ಅದರ ಮೇಲೆ, ಮೊದಲನೆಯದನ್ನು ಕುಡಿದ ನೆಂಟರೊಬ್ಬರು "ಸಕ್ಕರೆ ಸ್ವಲ್ಪ ಜೋರಾಯ್ತು ಮಾರಾಯ್ರೆ" ಅಂದಿದ್ದರು. ಅವರು ಹಾಕಿಕೊಂಡ ನೀರು ಕಡಿಮೆ, ಅದು ಬೇರೆ ಮಾತು. ಈ ಸಲ ಎರಡು ಬಗೆ ಮಾಡಿ ನೋಡುವುದು ಅಂತ ಆಯಿತು. 2.5 ಕೆ.ಜಿ. ಓಡಿಗೆ 2.5 ಕೆ.ಜಿ. ಸಕ್ಕರೆ ಮಧ್ಯಮ ಭರಣಿಯಲ್ಲಿ. ಉಳಿದ ಅರ್ಧ ಕೆ.ಜಿ. ಓಡಿಗೆ 1 ಕೆ.ಜಿ. ಸಕ್ಕರೆ ಪುಟ್ಟ ಭರಣಿಯಲ್ಲಿ. ಪುಟ್ಟದನ್ನು ಬಿಸಿಲಿಗೆ ಇಡದೆ, ಅಡುಗೆಮನೆಯ ಮೂಲೆಯಲ್ಲಿ ಅಕ್ಕಿ ಡಬ್ಬಿಯ ಪಕ್ಕ ಇಟ್ಟೆ. ಬಿಸಿಲಿನ ಕೆಲಸ ನಿಜವಾಗಿ ಎಷ್ಟು ಅಂತ ನೋಡಬೇಕಿತ್ತು.

ಮೇ 17ರಿಂದ 21

ಮಧ್ಯಮ ಭರಣಿಯಲ್ಲಿ ಸಕ್ಕರೆ ನಾಲ್ಕೇ ದಿನಕ್ಕೆ ಪೂರ್ತಿ ಕರಗಿತ್ತು. ಬೇಗ ಆಯ್ತಲ್ಲ ಅಂತ ಖುಷಿಪಟ್ಟದ್ದೇ ತಪ್ಪು. ಸಕ್ಕರೆ ಬೇಗ ಕರಗಿತು ಅಂದರೆ ಅಲ್ಲಿ ನೀರು ಜಾಸ್ತಿ ಇದೆ ಅಂತಲೇ ಅರ್ಥ. ಮೇ 17ಕ್ಕೆ ಬದಿಯಲ್ಲಿ ಸಣ್ಣ ಸಣ್ಣ ಗುಳ್ಳೆ. ಮೋಡ ಕವಿದು ಬಿಸಿಲಿಲ್ಲ. 19ಕ್ಕೆ ಮುಚ್ಚಳ ತೆಗೆದರೆ ಕಳ್ಳಿನ ವಾಸನೆ, ಮೇಲೆ ನೊರೆ.

ರಿಫ್ರಾಕ್ಟೋಮೀಟರ್ ಹಿಡಿದೆ. ಅದು ಜೇನಿನದ್ದು, ಅದರ ಗೆರೆ ಶುರುವಾಗುವುದೇ 58ರಿಂದ. ನನ್ನ ರಸ ಗೆರೆಯ ಕೆಳಗೆಲ್ಲೋ ಇತ್ತು. ಎಷ್ಟು ಅಂತ ಗೊತ್ತಾಗಲಿಲ್ಲ, ಸಾಲದು ಅಂತ ಮಾತ್ರ ಗೊತ್ತಾಯಿತು. ಲೆಕ್ಕ ಹಾಕಿದರೆ ಮೊದಲೇ ತಿಳಿಯುತ್ತಿತ್ತು: 2.5 ಕೆ.ಜಿ. ಓಡಿನಲ್ಲಿ ಎರಡು ಲೀಟರಿನಷ್ಟು ನೀರು. ಅದಕ್ಕೆ ಎರಡೂವರೆ ಕೆ.ಜಿ. ಸಕ್ಕರೆ ಹಾಕಿದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದು ನಿಲ್ಲುತ್ತದೆ.

ಬೂಸು ಇರಲಿಲ್ಲ, ನೊರೆ ಮಾತ್ರ. ಬೂಸು ಇದ್ದಿದ್ದರೆ ಪೂರ್ತಿ ತೆಂಗಿನ ಬುಡಕ್ಕೇ ಹೋಗುತ್ತಿತ್ತು. ಸೋಸಿ, ದೊಡ್ಡ ಸ್ಟೀಲಿನ ಪಾತ್ರೆಗೆ ಹಾಕಿ, ಇನ್ನೂ 1.2 ಕೆ.ಜಿ. ಸಕ್ಕರೆ ಸೇರಿಸಿ ಸಣ್ಣ ಉರಿಯಲ್ಲಿಟ್ಟೆ. ನೊರೆ ಮೇಲೆ ಬಂದದ್ದನ್ನು ಸೌಟಿನಲ್ಲಿ ತೆಗೆಯುತ್ತಾ, ಕುದಿ ಬರುವುದಕ್ಕೆ ಸ್ವಲ್ಪ ಮೊದಲು ಇಳಿಸಿ, ಬಿಸಿ ಇರುವಾಗಲೇ ಬಿಸಿ ಕುಪ್ಪಿಗೆ ತುಂಬಿಸಿದೆ. ನಾಲ್ಕು ಕುಪ್ಪಿ ಆಯಿತು.

ಉಳಿಯಿತು, ಕೆಡಲಿಲ್ಲ. ಆದರೆ ಹಸಿ ಹಣ್ಣಿನ ಪರಿಮಳ ಹೋಗಿ ಜಾಮಿನ ಹಾಗೆ ಬೆಂದ ರುಚಿ ಬಂತು. ಬಣ್ಣವೂ ಇಳಿಯಿತು. ಈ ನಾಲ್ಕನ್ನು ಫ್ರಿಜ್ಜಿನಲ್ಲಿಟ್ಟು ಮೊದಲು ಖರ್ಚು ಮಾಡಿದೆವು. ಮೂರು ನಾವು ಕುಡಿದೆವು, ಒಂದನ್ನು ತಂಬುಳಿ, ಸಾರಿಗೆ ಹುಳಿಯ ಬದಲು ಬಳಸಿದ್ದು. ಸಾರಿಗೆ ಬೆಲ್ಲ ಹಾಕುವ ಕೆಲಸ ತಪ್ಪಿತು.

ಮೇ 24: ಮಳೆ

ಕೇರಳಕ್ಕೆ ಮುಂಗಾರು ಕಾಲಿಡುವುದು ಸಾಧಾರಣ ಜೂನ್ 1ಕ್ಕೆ. 2025ರಲ್ಲಿ ಮೇ 24ಕ್ಕೇ ಬಂತು. 2009ರ ಬಳಿಕ ಅಷ್ಟು ಬೇಗ ಬಂದೇ ಇರಲಿಲ್ಲ. ನಮ್ಮಲ್ಲಿ ಅದಕ್ಕೂ ಕೆಲವು ದಿನ ಮೊದಲೇ ಸುರಿಯಲು ಶುರುವಾಗಿತ್ತು. ಅಡಿಕೆ ಒಣಗದ ಮನೆಗಳಲ್ಲಿ ಆ ವಾರ ಯಾರ ಮುಖದಲ್ಲೂ ನಗು ಇರಲಿಲ್ಲ.

ಮರದಲ್ಲಿ ಇನ್ನೂ ಮೂರನೇ ಒಂದು ಪಾಲು ಹಣ್ಣಿತ್ತು. ಮಳೆ ಬಿಟ್ಟಾಗ ಹೋಗಿ ಒಂದು ಬುಟ್ಟಿ ಹೆಕ್ಕಿಕೊಂಡು ಬಂದೆ. ನೀರು ಕುಡಿದು ಉಬ್ಬಿ ಬಿರಿದ ಹಣ್ಣು. ಹುಳಿಯೂ ಇಲ್ಲ, ಬಣ್ಣವೂ ಇಲ್ಲ. ಶರಬತ್ತಿನ ಆಸೆ ಬಿಟ್ಟು, ಓಡು ಬಿಡಿಸಿ, ಉಪ್ಪು ಬೆರೆಸಿ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದೆ. ಹೊಗೆವಾಸನೆ ಹಿಡಿಯಿತು. ಸಾರಿಗೆ ನಡೆಯುತ್ತದೆ.

ಪುಟ್ಟ ಭರಣಿಯದ್ದು ಸೋಸಿದ್ದು ಮೇ 25ಕ್ಕೆ. ಸಕ್ಕರೆ ಕರಗಲು ಬಿಸಿಲಿನದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ದಿನ ಹಿಡಿಯಿತು. ಆದರೆ ಮೂರರಲ್ಲಿ ಇದರ ಬಣ್ಣವೇ ಚಂದ. ಲೋಟದಲ್ಲಿ ನೀರು ಬೆರೆಸಿ ಪಕ್ಕ ಪಕ್ಕ ಇಟ್ಟರೆ ಯಾರಿಗಾದರೂ ಗೊತ್ತಾಗುತ್ತದೆ. ಪರಿಮಳವೂ ಹಣ್ಣು ಕೊಯ್ದ ದಿನದ್ದೇ. ಅಳತೆ 66. ಒಣಗಿದ ಕುಪ್ಪಿ ಮುಗಿದಿತ್ತು, ಹಳೆಯ ಜೇನಿನ ಕುಪ್ಪಿಗೆ ತುಂಬಿಸಿದೆ.

ಅತ್ತೆಗೆ ಇದನ್ನು ತೋರಿಸಿ, ಬಿಸಿಲು ಬೇಕಾಗುವುದಿಲ್ಲ ಅಂದೆ. ಅವರು ಒಪ್ಪಲಿಲ್ಲ. ಅರ್ಧ ಕೆ.ಜಿ. ಓಡಿನ ಮೇಲೆ ತೀರ್ಪು ಕೊಡಬೇಡ ಅಂದರು. ಆ ಮಾತು ನ್ಯಾಯವೇ. ಹತ್ತು ಕೆ.ಜಿ. ಓಡಿದ್ದಾಗ ಕರಗಲು ತಡವಾದರೆ ಅಷ್ಟರೊಳಗೆ ಮೇಲಿನದ್ದು ಕೆಡಬಹುದು. ಆದರೆ ಶರಬತ್ತನ್ನು ಉಳಿಸುವುದು ಸಕ್ಕರೆಯ ತೂಕ, ಬಿಸಿಲು ಬರೀ ಅವಸರ ಮಾಡುತ್ತದೆ ಅಂತ ನನ್ನ ಲೆಕ್ಕ. ಮಳೆ ಬೇಗ ಬರುವ ವರ್ಷದಲ್ಲಿ ಅಷ್ಟು ತಿಳಿದಿದ್ದರೆ ಹೆದರಿಕೆ ಕಡಿಮೆ.

ಖರ್ಚು

ಸಕ್ಕರೆ 12 ಕೆ.ಜಿ., ಕೆ.ಜಿ.ಗೆ 46ರಂತೆ 552 ರೂಪಾಯಿ. ಕುಪ್ಪಿ ಒಂದಕ್ಕೆ 38, ಡಜನಿಗೆ 456. ಮಲ್ ಬಟ್ಟೆ 90. ಬೆಂಜೋಯೇಟ್ 100 ಗ್ರಾಂ 70, ಅದರಲ್ಲಿ ಬಳಸಿದ್ದು ಚಿಟಿಕೆಯಷ್ಟು. ಒಟ್ಟು 1,168 ರೂಪಾಯಿ. ಹಣ್ಣಿಗೆ ದುಡ್ಡಿಲ್ಲ, ಆಚೆಮನೆಗೆ ಎರಡು ಕುಪ್ಪಿ ಶರಬತ್ತು ಕೊಟ್ಟದ್ದೇ ಲೆಕ್ಕ. ಎಲ್ಲ ಸೇರಿ ಹನ್ನೆರಡು ಕುಪ್ಪಿ ಆಯಿತು. ಕುಪ್ಪಿಗೆ ನೂರು ರೂಪಾಯಿ ಅಂತ ಇಟ್ಟುಕೊಳ್ಳಿ. ಗಾಜಿನ ಕುಪ್ಪಿ ಮುಂದಿನ ವರ್ಷಕ್ಕೂ ಬರುತ್ತದೆ, ಹಾಗೆ ನೋಡಿದರೆ ಅರುವತ್ತು. ಕೂಲಿ ಹಿಡಿದರೆ ಅಂಗಡಿಯಿಂದ ತರುವುದೇ ಲಾಭ. ಅದನ್ನು ಮನೆಯಲ್ಲಿ ಯಾರೂ ಹಿಡಿಯುವುದಿಲ್ಲ.

ಜುಲೈ 20: ನೋಡಿದ್ದು

ಹೋದ ವರ್ಷ ಮುಚ್ಚಳ ಹಾರಿದ ತಿಂಗಳು. ಎಲ್ಲ ಕುಪ್ಪಿ ಇಳಿಸಿ ಬೆಳಕಿಗೆ ಹಿಡಿದು ನೋಡಿದೆ. ಬೆಂಜೋಯೇಟ್ ಹಾಕಿದ್ದು, ಹಾಕದ್ದು ಎರಡೂ ಸರಿ ಇವೆ. ಗುಳ್ಳೆ ಇಲ್ಲ, ತೆರೆದಾಗ ಸದ್ದಿಲ್ಲ. ರುಚಿಯಲ್ಲಿ ನನಗೆ ವ್ಯತ್ಯಾಸ ತಿಳಿಯಲಿಲ್ಲ, ಮಗಳು ತನಗೆ ತಿಳಿಯುತ್ತದೆ ಅನ್ನುತ್ತಾಳೆ. 65ರ ಮೇಲೆ ಇದ್ದರೆ ಪುಡಿ ಬೇಡ ಅಂತ ನನಗೆ ಅನ್ನಿಸುತ್ತದೆ. ಆದರೆ ತೆರೆದ ಕುಪ್ಪಿಯನ್ನು ಹೊರಗೆ ಇಡಬಾರದು. ಮಳೆಗಾಲದಲ್ಲಿ ಮುಚ್ಚಳ ತೆಗೆದಷ್ಟು ಸಲ ತೇವ ಒಳಗೆ ಹೋಗುತ್ತದೆ.

ಎಲ್ಲ ಕುಪ್ಪಿಗೂ ಹಳೆಯ ಪೇಪರ್ ಸುತ್ತಿ ಕಪಾಟಿನೊಳಗೆ ಇಟ್ಟಿದ್ದೆ. ಹೊರಗೆ ಶೆಲ್ಫಿನಲ್ಲಿ ಇಟ್ಟದ್ದು ಗಾಜಿನ ಜಾರಿನ ಆ ಒಂದು ಕುಪ್ಪಿ ಮಾತ್ರ. ಅದು ಈಗ ಚಹಾದ ಬಣ್ಣಕ್ಕೆ ಬಂದಿದೆ. ರುಚಿಗೆ ತೊಂದರೆ ಇಲ್ಲ, ನೆಂಟರಿಗೆ ಕೊಡುವ ಹಾಗಿಲ್ಲ.

ಬೆರೆಸುವ ಅಳತೆ: ಒಂದು ಪಾಲು ಶರಬತ್ತಿಗೆ ಐದು ಪಾಲು ತಣ್ಣೀರು, ಒಂದು ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ. ಉಪ್ಪು ಬಿಡಬೇಡಿ. ಪಿತ್ತ ಎದ್ದವರಿಗೆ ಕೊಡುವುದಾದರೆ ನೀರು ಇನ್ನೂ ಜಾಸ್ತಿ. ಬಿಸಿನೀರಿಗೆ ಬೆರೆಸಿದರೂ ಚೆನ್ನಾಗಿರುತ್ತದೆ, ಆಟಿ ತಿಂಗಳ ಮಳೆಗೆ ನಾವು ಕುಡಿದದ್ದು ಹಾಗೆಯೇ.

ಅಕ್ಟೋಬರ್ 12: ಇನ್ನೂ ಬಗೆಹರಿಯದ್ದು

ಉಳಿದಿರುವುದು ಭರಣಿಯ ಎರಡು ಕುಪ್ಪಿ. ಎರಡರ ತಳದಲ್ಲೂ ಸಕ್ಕರೆ ಹರಳು ಕಟ್ಟಿದೆ, ಕಲ್ಲುಸಕ್ಕರೆಯಷ್ಟು ಗಟ್ಟಿ. ಬಿಸಿನೀರಿನಲ್ಲಿ ಕುಪ್ಪಿ ನಿಲ್ಲಿಸಿದರೆ ಕರಗುತ್ತದೆ, ಕೆಲವು ದಿನಕ್ಕೆ ಮತ್ತೆ ಕಟ್ಟುತ್ತದೆ. ಸಕ್ಕರೆ ಒಂದಕ್ಕೆ ಎರಡು ಹಾಕಿದ್ದು ತುಸು ಜಾಸ್ತಿಯಾಯಿತೋ, ಅಥವಾ ಸೋಸುವಾಗ ಕರಗದ ಕಣ ಬಟ್ಟೆ ದಾಟಿ ಹೋಗಿ ಅದರ ಸುತ್ತ ಕಟ್ಟಿತೋ. ಪುಟ್ಟ ಭರಣಿಯದ್ದರಲ್ಲಿ ಅದೇ ಅಳತೆ ಇದ್ದರೂ ಹರಳು ಬರಲಿಲ್ಲ. ಅದನ್ನು ಎರಡು ಸಲ ಸೋಸಿದ್ದೆ.

ಮುಂದಿನ ಏಪ್ರಿಲಿಗೆ ಪುಸ್ತಕದಲ್ಲಿ ಬರೆದಿಟ್ಟದ್ದು ಇಷ್ಟು: ಒಂದು ಭರಣಿ ಒಂದಕ್ಕೆ ಒಂದೂಮುಕ್ಕಾಲು, ಒಂದು ಭರಣಿ ಒಂದಕ್ಕೆ ಎರಡು, ಎರಡೂ ಮೂಲೆಯಲ್ಲಿ. ಅತ್ತೆಗೆ ಬೇರೆಯೇ ಒಂದು ಭರಣಿ, ಅಂಗಳದಲ್ಲಿ. ಎರಡು ಸಲ ಸೋಸುವುದು. ಮಲ್ ಬಟ್ಟೆ ಹೊಸದು ತರಬೇಕು, ಹಳೆಯದನ್ನು ಯಾರೋ ಇಡ್ಲಿಗೆ ಹಾಕಿ ಇಡ್ಲಿಯೆಲ್ಲ ಗುಲಾಬಿ ಬಣ್ಣವಾಗಿತ್ತು.